ಜೇಬಿನ ಟಾರ್ಚಿಗೆ ಎಷ್ಟು ಲ್ಯುಮೆನ್ ಬೇಕು?

ಪ್ರಶ್ನೆ: ದಿನಾ ಜೇಬಿನಲ್ಲಿಟ್ಟುಕೊಂಡು ಓಡಾಡೋಕೆ ಚಿಕ್ಕದಾದ, ಆದರೆ ಜೋರು ಬೆಳಕಿನ ಟಾರ್ಚ್ ಬೇಕು. ಎಷ್ಟು ಲ್ಯುಮೆನ್‌ದು ತಗೊಳ್ಳಲಿ? 3,000 ಸಾಕಾ, 10,000 ಬೇಕಾ? ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಟಾರ್ಚಿನ ಮೇಲೆ 1,00,000 ಅಂತಲೂ ಬರೆದಿದ್ದು ನೋಡಿದೆ.

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಒಂದು ಸೊನ್ನೆ ಹೆಚ್ಚಾಗಿರುತ್ತದೆ, ಅಷ್ಟೇ ವ್ಯತ್ಯಾಸ. ಅವಸರದವರು ಇಷ್ಟು ಓದಿಕೊಂಡು ಹೊರಡಬಹುದು: 18650 ಇಲ್ಲವೇ 21700 ಅಳತೆಯ, ಚಾರ್ಜ್ ಮಾಡಬಹುದಾದ ಒಂದೇ ಲಿಥಿಯಂ ಸೆಲ್ಲಿನದು, ಸೆಲ್ಲು ಹೊರಗೆ ತೆಗೆದು ಬದಲಿಸಲು ಬರುವಂಥದ್ದು, ಒಂದೇ ಸಮನೆ 500 ಲ್ಯುಮೆನ್ (ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ) ಕೊಡುವಂಥದ್ದು, ಬೇಕೆಂದಾಗ ಒಂದು ಲ್ಯುಮೆನ್‌ಗಿಂತ ಕೆಳಕ್ಕೂ ಇಳಿಯುವಂಥದ್ದು. "ಬರೀ 500?" ಅಂತ ನೀವು ಮತ್ತೆ ಬರೆಯುತ್ತೀರಿ ಅನ್ನುವುದು ಗೊತ್ತಿರುವುದರಿಂದಲೇ ಮುಂದಿನದ್ದು.

ಮೊದಲು ಆ ಲಕ್ಷದ ಕಥೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮೊದಲು ಕಾಗದ ಪೆನ್ನು ತಗೊಳ್ಳಿ. ಟಾರ್ಚನ್ನು ಜೋರಾಗಿ ಉರಿಸಿದಾಗ ಎಲ್‌ಇಡಿ ಒಂದು ವ್ಯಾಟಿಗೆ ಹೆಚ್ಚುಕಡಿಮೆ 100 ಲ್ಯುಮೆನ್ ಕೊಡುತ್ತದೆ. ಅಂದಮೇಲೆ ಲಕ್ಷ ಲ್ಯುಮೆನ್‌ಗೆ 1,000 ವ್ಯಾಟ್ ಬೇಕು. ಬಟ್ಟೆ ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು ಕರೆಂಟನ್ನು ನಿಮ್ಮ ಮುಷ್ಟಿಯೊಳಗಿನ ಸೆಲ್ಲು ಕೊಡಬೇಕು. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಳ್ಳೆಯ ಸೆಲ್ಲಾದರೆ 3,500 ಮಿಲಿ ಆಂಪಿಯರ್ ಅವರ್, 3.6 ವೋಲ್ಟ್, ಗುಣಿಸಿದರೆ 12.6 ವ್ಯಾಟ್ ಅವರ್. (ಅದೇ ಅಳತೆಯ ಸೆಲ್ಲಿನ ಮೇಲೆ 9,900 ಎಂದು ಬರೆದಿದ್ದರೆ ಅದೂ ಲಕ್ಷ ಲ್ಯುಮೆನ್ ಕುಟುಂಬದ್ದೇ.) ಇಷ್ಟನ್ನು 1,000 ವ್ಯಾಟಿನಂತೆ ಸುರಿದರೆ 45 ಸೆಕೆಂಡಿಗೆ ಸೆಲ್ಲು ಬರಿದು. ಅಷ್ಟು ಸುರಿಯಲು 270 ಆಂಪಿಯರ್‌ಗೂ ಹೆಚ್ಚು ಹರಿಯಬೇಕು; ಹಾಗೆ ಹರಿಸಬಲ್ಲ 18650 ಸೆಲ್ಲೇ ಇಲ್ಲ. 60 ವ್ಯಾಟಿನ ಹಳೇ ತಂತಿ ಬಲ್ಬು ಸುಮಾರು 800 ಲ್ಯುಮೆನ್ ಕೊಡುತ್ತಿತ್ತು. ಲಕ್ಷ ಅಂದರೆ ಅಂಥ 125 ಬಲ್ಬು. ಅದು ನಿಮ್ಮ ಜೇಬಿನಲ್ಲಿದೆಯೇ?

ಸುಳ್ಳು ಹೇಳುವವರನ್ನು ಬಿಡಿ. ನಿಜ ಹೇಳುವವರ 3,000 ಕೂಡ ನೀವು ಅಂದುಕೊಂಡ 3,000 ಅಲ್ಲ, ಹೆಚ್ಚು ಜನ ಏಮಾರುವುದು ಇಲ್ಲೇ. ನನ್ನ ಹತ್ತಿರವೂ ಅಂಥದ್ದೊಂದಿದೆ. ಗುಂಡಿ ಒತ್ತಿದ ತಕ್ಷಣ ಕೋಣೆಗೆ ಕೋಣೆಯೇ ಬೆಳ್ಳಗಾಗುತ್ತದೆ. ಅರ್ಧ ನಿಮಿಷಕ್ಕೆ ತಲೆ ಬೆಚ್ಚಗಾಗುತ್ತದೆ, ಒಂದು ನಿಮಿಷ ದಾಟುವಷ್ಟರಲ್ಲಿ ಎಲ್‌ಇಡಿ ಹತ್ತಿರದ ಏಣುಗಳ ಮೇಲೆ ಬೆರಳಿಡಲಾಗದೆ ನಾನು ಹಿಡಿತವನ್ನು ಹಿಂದಕ್ಕೆ ಜರುಗಿಸುತ್ತೇನೆ. ಅಷ್ಟರಲ್ಲಿ ಬೆಳಕು 700ರ ಆಸುಪಾಸಿಗೆ ಇಳಿದಾಗಿರುತ್ತದೆ. ಇದು ದೋಷವಲ್ಲ, ಇಳಿಯಲೇಬೇಕು. 3,000 ಲ್ಯುಮೆನ್‌ಗೆ 30 ವ್ಯಾಟ್ ಒಳಗೆ ಹೋಗುತ್ತಿದೆ. ಅದರಲ್ಲಿ ಬೆಳಕಾಗಿ ಹೊರಬರುವುದು ಮೂರನೇ ಒಂದು ಪಾಲು, ಮಿಕ್ಕ 20 ವ್ಯಾಟ್ ಬರೀ ಬಿಸಿ. ಬೆಸುಗೆ ಹಾಕುವ ಸಣ್ಣ ಕಾವುಕಡ್ಡಿ 25 ವ್ಯಾಟಿನದು ಅನ್ನುವುದನ್ನು ನೆನಪಿಟ್ಟುಕೊಂಡು ಯೋಚಿಸಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಅಲ್ಯುಮಿನಿಯಂ ಕೊಳವೆ ಗಾಳಿಗೆ ಬಿಡಬಲ್ಲ ಬಿಸಿ ಕೆಲವೇ ವ್ಯಾಟ್. ಅದಕ್ಕೇ ಒಳಗಿನ ಸರ್ಕ್ಯೂಟು ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಇನ್ನೂ ಚಿಕ್ಕ ಟಾರ್ಚಾದರೆ ಇನ್ನೂ ಬೇಗ.

ಡಬ್ಬದ ಮೇಲಿನ ಅಂಕಿಗೂ ನಿಯಮ ಇಲ್ಲದಿಲ್ಲ. ಟಾರ್ಚುಗಳಿಗೆಂದೇ ಎಎನ್‌ಎಸ್‌ಐ ಎಫ್‌ಎಲ್1 ಎನ್ನುವ ಅಮೆರಿಕದ ಮಾನದಂಡ 2009ರಿಂದ ಇದೆ. ಅದರಂತೆ ಬೆಳಕನ್ನು ಅಳೆಯುವುದು ಟಾರ್ಚು ಹೊತ್ತಿಸಿ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದನ್ನು ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವ ತನಕ ಎಣಿಸುತ್ತಾರೆ. ಹಾಗಾಗಿ "3,000 ಲ್ಯುಮೆನ್, 2 ಗಂಟೆ" ಎಂದು ಬರೆದರೆ ಸುಳ್ಳಲ್ಲ, ಆದರೆ ಎರಡು ಗಂಟೆಯೂ 3,000 ಸಿಗುತ್ತದೆ ಎಂದು ಅವರೆಲ್ಲೂ ಹೇಳಿಲ್ಲ. ನೋಡಬೇಕಾದ್ದು ಹೊತ್ತಿಗೆ ತಕ್ಕಂತೆ ಬೆಳಕು ಇಳಿಯುವ ಗ್ರಾಫು. ಅದರಲ್ಲಿ ಮೊದಲ ಚೂಪು ತುದಿಯನ್ನು ಕೈಯಿಂದ ಮುಚ್ಚಿ, ಆಮೇಲಿನ ಸಮತಟ್ಟು ಎಷ್ಟರಲ್ಲಿದೆ ನೋಡಿ. ನೀವು ನಿಜವಾಗಿ ಕೊಳ್ಳುತ್ತಿರುವುದು ಆ ಟಾರ್ಚು.

"ಲ್ಯುಮೆನ್ ಜಾಸ್ತಿ ಇದ್ದರೆ ದೂರ ಹೋಗುತ್ತದಲ್ಲ ಸಾರ್?" ಹೋಗಲ್ಲ. ಲ್ಯುಮೆನ್ ಅಂದರೆ ಒಟ್ಟು ಬೆಳಕು. ದೂರಕ್ಕೆ ಬೇಕಾದ್ದು ಒಂದೇ ದಿಕ್ಕಿಗೆ ಒಟ್ಟಾಗಿ ಹೋಗುವ ಬೆಳಕು. ಅದರ ಅಳತೆ ಕ್ಯಾಂಡೆಲಾ. ಅದೇ ಮಾನದಂಡದಲ್ಲಿ ದೂರದ ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ, ಮೀಟರ್ ಬರುತ್ತದೆ. 3,000 ಲ್ಯುಮೆನ್‌ನ್ನು ಅಗಲಕ್ಕೆ ಚೆಲ್ಲುವ ಟಾರ್ಚು 10,000 ಕ್ಯಾಂಡೆಲಾ ಕೊಟ್ಟರೆ 200 ಮೀಟರ್. ಬರೀ 600 ಲ್ಯುಮೆನ್‌ನ್ನು ಆಳವಾದ ರಿಫ್ಲೆಕ್ಟರಿನಲ್ಲಿ ಕೂಡಿಸಿ 40,000 ಕ್ಯಾಂಡೆಲಾ ಮಾಡಿದರೆ 400 ಮೀಟರ್. ಅಲ್ಲಿ ಬೀಳುವುದೂ ಕಾಲು ಲಕ್ಸ್, ಹುಣ್ಣಿಮೆ ಬೆಳದಿಂಗಳಷ್ಟು. ಏನೋ ಇದೆ ಅನ್ನುವುದು ತಿಳಿದೀತು, ಯಾರೆಂದು ಗುರುತು ಸಿಗದು. ಜೇಬಿನ ಟಾರ್ಚಿಗೆ ಈ ದೂರದ ಗೀಳು ಬೇಡ ಅನ್ನುವವ ನಾನು. ನಾವು ನೋಡುವುದು ಮೆಟ್ಟಿಲು, ಬೀಗದ ಕಿಂಡಿ, ಮಂಚದ ಕೆಳಗೆ ಉರುಳಿದ ಸ್ಕ್ರೂ. ಎಲ್ಲ ಹತ್ತು ಮೀಟರ್ ಒಳಗಿನ ವ್ಯವಹಾರ.

ಉಳಿದದ್ದು ಬೇಗ ಹೇಳುತ್ತೇನೆ. ಒಂದು ಲ್ಯುಮೆನ್‌ಗಿಂತ ಕಡಿಮೆ ಬೆಳಕು ಯಾಕೆಂದರೆ, ಕತ್ತಲಿಗೆ ಪೂರ್ತಿ ಒಗ್ಗಲು ಕಣ್ಣಿಗೆ ಅರ್ಧ ಗಂಟೆ ಹಿಡಿಯುತ್ತದೆ, ಜೋರು ಬೆಳಕು ಅದನ್ನು ಒಂದೇ ಏಟಿಗೆ ಕೆಡಿಸುತ್ತದೆ. ಗುಂಡಿಗೆ ಲಾಕ್ ಇರಲಿ. ಜೇಬಿನಲ್ಲಿ ತಾನೇ ಹೊತ್ತಿಕೊಂಡರೆ ಬಟ್ಟೆ ಸುಡುತ್ತದೆ, ತಮಾಷೆಯಲ್ಲ. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೂ ಎಷ್ಟೋ ಟಾರ್ಚುಗಳಲ್ಲಿ ಲಾಕ್ ಆದಂತೆಯೇ. ಹೆಚ್ಚುವರಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಜತೆ ಬಿಡಿಬಿಡಿಯಾಗಿ ಹಾಕಿಕೊಳ್ಳಬೇಡಿ, ಶಾರ್ಟ್ ಆಗುತ್ತದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ಬೆಳಕಿನ ಬಣ್ಣ. ಒಮ್ಮೆ ಕರೆಂಟು ಹೋದಾಗ ಸ್ವಿಚ್ ಬೋರ್ಡು ಬಿಚ್ಚಿ, ನೀಲಿ ಛಾಯೆಯ ಅಗ್ಗದ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದೆ. ಧೂಳು ಹಿಡಿದ ಎರಡು ವೈರು, ಒಂದು ಕಂದು, ಒಂದು ಕೆಂಪು. ಯಾವುದು ಯಾವುದೆಂದು ಎಷ್ಟು ಹೊತ್ತು ನೋಡಿದರೂ ಬಗೆಹರಿಯಲಿಲ್ಲ. ಬೆಳಗಿನ ತನಕ ಹಾಗೇ ಬಿಟ್ಟೆ. ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ನೋಡಿದರೆ ಮಗುವಿಗೂ ತಿಳಿಯುವಷ್ಟು ವ್ಯತ್ಯಾಸ. ಬಿಳಿ ಎಲ್‌ಇಡಿ ಅಂದರೆ ಮೂಲದಲ್ಲಿ ನೀಲಿ ಎಲ್‌ಇಡಿಯೇ, ಮೇಲೆ ಹಳದಿ ಫಾಸ್ಫರ್ ಲೇಪ (ನೀಲಿ ಬೆಳಕು ಬಿದ್ದಾಗ ಹಳದಿಯಾಗಿ ಹೊಳೆಯುವ ಪುಡಿ). ಲೇಪ ಸಾಧಾರಣದ್ದಾದರೆ ಕೆಂಪು ತೀರ ಬಡವಾಗಿರುತ್ತದೆ. ಕೆಂಪನ್ನು ತುಂಬಿಕೊಟ್ಟ ಎಲ್‌ಇಡಿಗಳೂ ಇವೆ. ವಿವರದಲ್ಲಿ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಳತೆ, ಗರಿಷ್ಠ 100) 90 ಅಥವಾ ಮೇಲೆ, ಬಣ್ಣ 4,000ದಿಂದ 5,000 ಕೆಲ್ವಿನ್ ಎಂದಿರುತ್ತದೆ. ಅದೇ ಟಾರ್ಚು, ಅದೇ ಸೆಲ್ಲು ಇದ್ದರೂ ಇಂಥವುಗಳ ಡಬ್ಬದ ಮೇಲೆ ಲ್ಯುಮೆನ್ ಕಡಿಮೆ ಬರೆದಿರುತ್ತದೆ, ಏಕೆಂದರೆ ಕಡುಗೆಂಪು ಬೆಳಕನ್ನು ನಮ್ಮ ಕಣ್ಣು ಹಸಿರಿನಷ್ಟು ಪ್ರಕಾಶವಾಗಿ ಕಾಣುವುದಿಲ್ಲ. ಎರಡೂ ಪಕ್ಕಪಕ್ಕ ಸಿಕ್ಕರೆ ಆ ಕಡಿಮೆ ಲ್ಯುಮೆನ್‌ದನ್ನೇ ಎತ್ತಿಕೊಳ್ಳಿ. ಈಗ ನನ್ನ ಜೇಬಿನಲ್ಲಿರುವುದೂ ಅಂಥದ್ದೇ.