ಎರಡು ಟಾರ್ಚು, ಒಂದು ಬಿಟ್ ನೆನಪು

ಮೆಮೊರಿ ಅಂದ್ರೆ ಯಾವುದೋ ಡಬ್ಬ, ಅದರೊಳಗೆ ಸೊನ್ನೆಗಳನ್ನ, ಒಂದುಗಳನ್ನ ತುಂಬಿಟ್ಟಿರ್ತಾರೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ತುಮಕೂರಲ್ಲಿ ಸೆಕೆಂಡ್ ಪಿಯುಸಿ ಓದೋ ನಮ್ಮಕ್ಕನ ಮಗ ಬ್ಲಾಕ್ ಜೋಡಿಸಿ ಕಟ್ಟೋ ಮೈನ್‌ಕ್ರಾಫ್ಟ್ ಗೇಮಲ್ಲಿ ಒಂದು ಬಿಟ್ ಮೆಮೊರಿ, ಅಂದ್ರೆ ಒಂದು ಸೊನ್ನೆ ಇಲ್ಲಾ ಒಂದನ್ನ ನೆನಪಿಡೋದು, ಕಟ್ಟಿದಾನೆ, ಅದರಲ್ಲಿ ಡಬ್ಬ ಅನ್ನೋದೇ ಇಲ್ಲ, ಬರೀ ಎರಡು ಟಾರ್ಚು, ಎರಡು ಕಲ್ಲು, ಒಂದಿಷ್ಟು ಕೆಂಪು ಪುಡಿ.

ಆ ಪುಡಿ ಹೆಸರು ರೆಡ್‌ಸ್ಟೋನ್, ನೆಲದ ಮೇಲೆ ಉದುರಿಸ್ಕೊಂಡು ಹೋದ್ರೆ ವೈರ್ ಥರ ಸಿಗ್ನಲ್ ಒಯ್ಯುತ್ತೆ. ರೆಡ್‌ಸ್ಟೋನ್ ಟಾರ್ಚ್ ಸುಮ್ನೆ ಬಿಟ್ರೆ ಉರೀತಾನೇ ಇರುತ್ತೆ, ಆದ್ರೆ ಅದನ್ನ ಸಿಗಿಸಿರೋ ಕಲ್ಲಿಗೆ ಸಿಗ್ನಲ್ ಬಂದ್ರೆ ಆರುತ್ತೆ. ಪಿಯುಸಿ ಬುಕ್ಕಲ್ಲಿ ಬರೋ, ಸಿಗ್ನಲ್ಲನ್ನ ಉಲ್ಟಾ ಮಾಡೋ ನಾಟ್ ಗೇಟ್ ಇದೇ, ಕಲ್ಲಿಗೆ ಎರಡು ಕಡೆಯಿಂದ ಸಿಗ್ನಲ್ ಬರೋ ಹಂಗೆ ಮಾಡಿದ್ರೆ ನಾರ್ ಗೇಟ್, ಯಾವ ಕಡೆಯಿಂದ ಬಂದ್ರೂ ಟಾರ್ಚ್ ಆರುತ್ತೆ.

ಈಗ ಮೊದಲನೇ ಟಾರ್ಚಿನ ಸಿಗ್ನಲ್ ಎರಡನೇ ಕಲ್ಲಿಗೆ, ಎರಡನೇದರ ಸಿಗ್ನಲ್ ಮೊದಲನೇ ಕಲ್ಲಿಗೆ ಹೋಗೋ ಹಂಗೆ ಪುಡಿ ಹಾಕಿ, ಒಂದೊಂದು ಕಲ್ಲಿಗೂ ಒಂದೊಂದು ಬಟನ್ ಇಡಿ. ಮೊದಲನೇ ಬಟನ್ ಒತ್ತಿದ್ರೆ ಮೊದಲನೇ ಟಾರ್ಚ್ ಆರುತ್ತೆ, ಅದು ಆರಿದ್ದಕ್ಕೆ ಎರಡನೇದು ಹತ್ಕೊಳ್ಳುತ್ತೆ, ಎರಡನೇದು ಹತ್ಕೊಂಡಿದ್ದಕ್ಕೆ ಮೊದಲನೇದು ಮತ್ತೆ ಹತ್ಕೊಳ್ಳಕ್ಕೇ ಆಗಲ್ಲ. ಕಲ್ಲಿನ ಬಟನ್ ಒಂದೇ ಸೆಕೆಂಡಿಗೆ ಮೇಲೆ ಬಂದ್ಬಿಡುತ್ತೆ, ಆದ್ರೂ ಟಾರ್ಚ್‌ಗಳು ಹಂಗೇ ಇರ್ತವೆ. ಅದೇ ಬಟನ್ ಇನ್ನೊಂದ್ಸಲ ಒತ್ತಿ, ಏನೂ ಬದಲಾಗಲ್ಲ, ಎರಡನೇ ಬಟನ್ ಒತ್ತಿದ್ರೇನೇ ಉಲ್ಟಾ ಆಗೋದು. "ಹಂಗಾದ್ರೆ ಬಿಟ್ ಇರೋದೆಲ್ಲಿ ಮಾಮ, ಈ ಟಾರ್ಚಲ್ಲಾ ಆ ಟಾರ್ಚಲ್ಲಾ?" ಅಂತ ಕೇಳ್ದ. ಎರಡರಲ್ಲೂ ಅಲ್ಲ ಕಣೋ, ಒಂದನ್ನೊಂದು ಹಿಡ್ಕೊಂಡಿದಾವಲ್ಲ, ಆ ಸುತ್ತಲ್ಲಿದೆ. ನನಗೆ ಇಡೀ ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಐಡಿಯಾ ಇನ್ನೊಂದಿಲ್ಲ.

ಇಂಗ್ಲೆಂಡಿನ ಎಕಲ್ಸ್, ಜೋರ್ಡನ್ ಅನ್ನೋ ಇಬ್ಬರು ಹಳೇ ರೇಡಿಯೋಲಿ ಇರ್ತಿದ್ದಂಥ ಎರಡು ಗಾಜಿನ ವಾಲ್ವ್ ಇಟ್ಕೊಂಡು ಇಂಥದೇ ಸುತ್ತು ಮಾಡಿ 1918ರಲ್ಲೇ ಪೇಟೆಂಟಿಗೆ ಹಾಕಿದ್ರು. ಇವತ್ತು ಪ್ರೊಸೆಸರ್ ಒಳಗಿನ ಕ್ಯಾಶ್ ಅನ್ನೋ ವೇಗದ ಮೆಮೊರಿಲೂ ಸಾಮಾನ್ಯವಾಗಿ ಬಿಟ್ಟಿಗೆ 6 ಟ್ರಾನ್ಸಿಸ್ಟರ್, ಅಂದ್ರೆ ಪುಟ್ಟ ಸ್ವಿಚ್ಚು, ಅದರಲ್ಲಿ 4 ಈ ಸುತ್ತಿಗೇ ಹೋಗ್ತವೆ.

ಆದ್ರೆ ಮೊಬೈಲಲ್ಲಿ 8 ಜಿಬಿ ರ‍್ಯಾಮ್ ಅಂತೀವಲ್ಲ, ಅದು ಬೇರೆ. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿದ್ದು, ಬಿಟ್ಟಿಗೆ ಒಂದೇ ಟ್ರಾನ್ಸಿಸ್ಟರ್, ಚಾರ್ಜ್ ಹಿಡಿದಿಡೋ ಒಂದು ಕೆಪಾಸಿಟರ್. ಸೋರೋ ಬಿಂದಿಗೆ ಇದ್ದಂಗೆ ಅದು, ಚಾರ್ಜ್ ಸೋರ್ತಾನೇ ಇರುತ್ತೆ, ಅದಕ್ಕೇ ಸಾಮಾನ್ಯವಾಗಿ 32ರಿಂದ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಬೇಕು. ಜಾಗ ಕಮ್ಮಿ, ರೇಟು ಕಮ್ಮಿ, ಅದಕ್ಕೇ ಗೆದ್ದಿದ್ದು.

ಈಗ ಹುಡುಗ 8 ಸಾಲು, ಸಾಲಿಗೆ 8 ಬಿಟ್, ಒಟ್ಟು 64 ಬಿಟ್ ಕಟ್ತಿದಾನೆ. ಇದಕ್ಕೆ ಟಾರ್ಚ್ ಬದಲು ಸಿಗ್ನಲ್ಲನ್ನ ಮತ್ತೆ ಜೋರು ಮಾಡಿ ಮುಂದೆ ಕಳಿಸೋ ರಿಪೀಟರ್ ವಾಸಿ, ಗೇಮಿನ 2012ರ 1.4 ವರ್ಷನ್‌ನಿಂದ ಪಕ್ಕದಿಂದ ಇನ್ನೊಂದು ರಿಪೀಟರ್ ಸಿಗ್ನಲ್ ಕೊಟ್ರೆ ಅದು ಲಾಕ್ ಆಗಿ ಇದ್ದ ಸ್ಥಿತಿಲೇ ನಿಂತ್ಬಿಡುತ್ತೆ, ಒಂದು ಬಿಟ್ ಮುಗೀತು. ಕಷ್ಟ ಇರೋದು ದೂರದ್ದು. ಪುಡಿ ಮೇಲೆ ಸಿಗ್ನಲ್ 15 ಬ್ಲಾಕ್ ಹೋಗೋಷ್ಟರಲ್ಲಿ ಸತ್ತೋಗುತ್ತೆ, ಮಧ್ಯ ರಿಪೀಟರ್ ಇಟ್ರೆ ಒಂದೊಂದಕ್ಕೂ ಕಮ್ಮಿ ಅಂದ್ರೂ 0.1 ಸೆಕೆಂಡ್ ತಡ. ಮೆಮೊರಿ ದೊಡ್ಡದಾದಷ್ಟೂ ಓದೋದು ನಿಧಾನ, ನಿಜವಾದ ಚಿಪ್‌ನಲ್ಲೂ ಕ್ಯಾಶನ್ನ ಚಿಕ್ಕದಾಗಿ ಪ್ರೊಸೆಸರ್ ಒಳಗೇ, ಲೆಕ್ಕ ಮಾಡೋ ಭಾಗದ ಪಕ್ಕದಲ್ಲೇ ಇಡೋಕೆ ಇದೂ ಒಂದು ಕಾರಣ. 8 ಸಾಲಲ್ಲಿ ಯಾವುದು ಬೇಕು ಅಂತ ಹೇಳಕ್ಕೆ ಮೇಲೆ ಕೆಳಗೆ ಮಾಡೋ ಮೂರು ಲಿವರ್ ಸಾಕು, ಎರಡರ ಘಾತ ಮೂರು ಅಂದ್ರೆ ಎಂಟು. ಆ ಮೂರು ಲಿವರ್ ಹೆಂಗಿಟ್ಟಿದೀವಿ ಅನ್ನೋದೇ ಅಡ್ರೆಸ್ಸು, ಈಗ ಅವನು ಕೂತಿರೋದು ಆ ಅಡ್ರೆಸ್ ನೋಡಿ ಸರಿಯಾದ ಸಾಲು ಆರಿಸೋ ಡಿಕೋಡರ್ ಕಟ್ಟೋಕೆ.