ಸೊಪ್ಪಿನ ರಸವೋ, ಇಂಗ್ಲಿಷ್ ಔಷಧಿಯೋ: ನಾಯಿಗೆ ಕಾಯಿಲೆ ಜೋರಾದಾಗ

ನಾಯಿ ಮೂರು ದಿನದಿಂದ ಊಟ ಮುಟ್ಟಿಲ್ಲ, ಮೈ ಸುಡುತ್ತಿದೆ ಅಂತ ಫೋನ್ ಮಾಡುವವರಲ್ಲಿ ತುಂಬಾ ಜನ ಅದರ ಬೆನ್ನಿಗೇ ಇನ್ನೊಂದು ಮಾತು ಕೇಳುತ್ತಾರೆ. "ಡಾಕ್ಟ್ರೇ, ಇಂಗ್ಲಿಷ್ ಔಷಧಿ ಹೀಟ್ ಅಂತಾರೆ. ಆಯುರ್ವೇದದಲ್ಲೋ ಹೋಮಿಯೋಪತಿಯಲ್ಲೋ ಏನಾದ್ರೂ ಇದ್ರೆ ಹೇಳಿ."

ಹೀಗೆ ಕೇಳುವುದು ತಪ್ಪೇನಲ್ಲ. ಕೆಮ್ಮಿಗೆ ದೊಡ್ಡಪತ್ರೆ, ಜ್ವರಕ್ಕೆ ಅಮೃತಬಳ್ಳಿ ಕಷಾಯ ಕುಡಿದು ಬೆಳೆದವರು ನಾವು. ನಾಯಿ ಅಂದರೆ ಮನೆಯ ಮಗುವೇ ಆದಮೇಲೆ ಮಗುವಿಗೆ ಮಾಡಿದ್ದನ್ನೇ ಅದಕ್ಕೂ ಮಾಡೋಣ ಅನ್ನಿಸುತ್ತದೆ. ಆದರೆ ಯಾವ ಪದ್ಧತಿ ಅನ್ನುವುದು ಎರಡನೇ ಪ್ರಶ್ನೆ. ಮೊದಲು ಗೊತ್ತಾಗಬೇಕಾದ್ದು ಎರಡು: ಇದು ಯಾವ ಕಾಯಿಲೆ, ನಮ್ಮ ಕೈಯಲ್ಲಿ ಎಷ್ಟು ದಿನ ಇದೆ. ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಗೊಂದಲ ಅಲ್ಲೇ ಮುಗಿಯುತ್ತದೆ.

ನಮ್ಮ ಕಡೆ ದಿನಾ ನೋಡುವ ಕಾಯಿಲೆಯನ್ನೇ ತೆಗೆದುಕೊಳ್ಳಿ, ಉಣ್ಣಿ ಜ್ವರ. ಟಿಕ್ ಫೀವರ್ ಅಂದರೆ ಎಲ್ಲರಿಗೂ ಗೊತ್ತು. ಕಂದು ಉಣ್ಣಿ ಕಚ್ಚಿದಾಗ ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೋಗಿ ಬಿಳಿ ರಕ್ತಕಣದಲ್ಲೇ ಮನೆ ಮಾಡಿಕೊಳ್ಳುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟಿಸುವ ಕಣ, ಪ್ಲೇಟ್‌ಲೆಟ್, ಬೀಳುತ್ತದೆ. ಆರೋಗ್ಯವಾಗಿರುವ ನಾಯಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕಾದ್ದು 50 ಸಾವಿರಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಪ್ಲೇಟ್‌ಲೆಟ್ ಬಿದ್ದಿದೆ ಅಂತ ಗೊತ್ತಾದ ತಕ್ಷಣ ಪಪ್ಪಾಯ ಎಲೆ ರಸ ಶುರುವಾಗುತ್ತದೆ, ಯಾಕೆಂದರೆ ಡೆಂಗಿ ಬಂದವರಿಗೆ ಅದನ್ನೇ ಕೊಡುತ್ತಾರಲ್ಲ. ಡೆಂಗಿ ರೋಗಿಗಳಲ್ಲಿ ಆ ರಸದಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿದೆ ಅಂತ ಹೇಳುವ ಅಧ್ಯಯನಗಳು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಡೆಂಗಿ ವೈರಸ್ ಕೆಲವು ದಿನ ಕಳೆದರೆ ತಾನಾಗೇ ಹೋಗುತ್ತದೆ. ಎರ್ಲಿಕಿಯಾ ಹಾಗೆ ಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಔಷಧಿ ಕೊಡದಿದ್ದರೆ ನಾಯಿ ಸುಧಾರಿಸಿದ ಹಾಗೆ ಕಂಡು, ತಿಂಗಳುಗಟ್ಟಲೆ ಒಳಗೇ ಇದ್ದು, ಕೊನೆಗೆ ಮೂಳೆಮಜ್ಜೆಯನ್ನೇ ಕೆಡಿಸಬಹುದು. ಆ ಹಂತಕ್ಕೆ ಹೋದ ನಾಯಿಯನ್ನು ಉಳಿಸಿಕೊಳ್ಳುವುದು ತುಂಬಾ ಕಷ್ಟ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ನೂರಾರು ನಾಯಿಗಳನ್ನು ಕಳೆದುಕೊಂಡಿದ್ದು ಇದೇ ಕಾಯಿಲೆಗೆ. ಅವುಗಳಲ್ಲಿ ಜರ್ಮನ್ ಶೆಫರ್ಡ್ ಜಾಸ್ತಿ. ಇವತ್ತಿಗೂ ಆ ತಳಿಗೆ ಇದು ಬಂದರೆ ನಾನು ಒಂದು ದಿನವೂ ಕಾಯುವುದಿಲ್ಲ.

ಮೊನ್ನೆ ಒಬ್ಬರು ಅಮ್ಮ ಮಗನ ಜೊತೆ ತಮ್ಮ ಶೆಫರ್ಡ್ ನಾಯಿಯನ್ನು ಕರೆತಂದಿದ್ದರು. ಒಂದು ವಾರದಿಂದ ಪಪ್ಪಾಯ ಎಲೆ ರಸ, ಜೊತೆಗೆ ಅಮೃತಬಳ್ಳಿ. ತುಟಿ ಎತ್ತಿ ನೋಡಿದರೆ ಒಸಡು ಬಿಳುಚಿಕೊಂಡಿತ್ತು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು, ಬರುತ್ತಿರಲಿಲ್ಲ. ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಒಂದು ಮೂಗಿನ ಹೊಳ್ಳೆಯಲ್ಲಿ ಒಣಗಿದ ರಕ್ತ. "ನಾವೇನೂ ಸುಮ್ನೆ ಕೂತಿರ್ಲಿಲ್ಲ ಡಾಕ್ಟ್ರೇ, ದಿನಕ್ಕೆ ಮೂರು ಸಲ ರಸ ಕುಡಿಸಿದೀವಿ" ಅಂದರು ಅಮ್ಮ. ಕುಡಿಸಿದ್ದು ನಿಜ. ನಿದ್ದೆಗೆಟ್ಟು ಕುಡಿಸಿದ್ದಾರೆ. "ಅಮ್ಮಾ, ನೀವು ನೋಡ್ಕೊಂಡಿದ್ದು ಚೆನ್ನಾಗೇ ಇದೆ, ಆದ್ರೆ ಈ ಕಾಯಿಲೆಗೆ ಬೇಕಾದ ಮಾತ್ರೆ ಬೇರೆ" ಅಂದೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿ, ಡ್ರಿಪ್ ಹಾಕಿದೆವು. ಜ್ವರ ಎರಡು ದಿನದಲ್ಲಿ ಇಳಿಯಿತು, ಮೊಸರನ್ನ ನೆಕ್ಕಿತು. ಅದನ್ನು ನೋಡಿ ಮಗ ಕೇಳಿದ್ದು, ಮಾತ್ರೆ ನಿಲ್ಲಿಸಬಹುದಾ ಅಂತ. ನಿಲ್ಲಿಸಬಾರದು. 28 ದಿನ ಪೂರ್ತಿ ಕೊಡಬೇಕು. ಅರ್ಧಕ್ಕೇ ಬಿಟ್ಟರೆ ಕಾಯಿಲೆ ಮತ್ತೆ ಬರುತ್ತದೆ, ಆಮೇಲೆ "ಇಂಗ್ಲಿಷ್ ಔಷಧಿ ಹಿಡೀಲಿಲ್ಲ" ಅನ್ನುವ ಮಾತೂ ಬರುತ್ತದೆ.

ಇನ್ನೊಂದು ವಿಷಯ. ಸುಸ್ತಾಗಿ ಮಲಗಿರುವ ನಾಯಿಯ ಬಾಯಿಗೆ ಸಿರಿಂಜಿನಲ್ಲಿ ಒತ್ತಾಯದಿಂದ ರಸ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಒಣದಾಗಿ ನುಂಗಿಸಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಒಂದು ತುತ್ತು ಊಟದಲ್ಲಿಟ್ಟು ಕೊಟ್ಟು, ಹಿಂದೆಯೇ ನೀರು ಕುಡಿಸಿ.

ನಮ್ಮ ಕಡೆಯ ತಪ್ಪೂ ಇದೆ, ಅದನ್ನು ಹೇಳದೆ ಇದ್ದರೆ ನ್ಯಾಯವಲ್ಲ. ರಕ್ತ ಪರೀಕ್ಷೆ ಇಲ್ಲದೆ ಜ್ವರಕ್ಕೊಂದು, ಆಂಟಿಬಯಾಟಿಕ್ ಒಂದು, ಸ್ಟೀರಾಯ್ಡ್ ಒಂದು ಅಂತ ಮೂರು ಇಂಜೆಕ್ಷನ್ ಚುಚ್ಚಿ ಕಳಿಸುವವರು ಇದ್ದಾರೆ. ಅದೇ ಉಣ್ಣಿಯಿಂದ ಬರುವ ಬೇಬೀಸಿಯಾ ಅನ್ನುವ ಇನ್ನೊಂದು ಕಾಯಿಲೆಯಲ್ಲಿ ಕೆಂಪು ರಕ್ತಕಣ ಒಡೆದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಡಾಕ್ಸಿಸೈಕ್ಲಿನ್ ಒಂದರಿಂದ ಅದು ವಾಸಿಯಾಗುವುದಿಲ್ಲ. ಪರೀಕ್ಷೆ ಮಾಡದೆ ಕೊಟ್ಟ ಚಿಕಿತ್ಸೆ ಮೇಲೆ ಜನಕ್ಕೆ ನಂಬಿಕೆ ಹೋದರೆ ಅದಕ್ಕೆ ಸೊಪ್ಪು ಮಾರುವವರು ಕಾರಣರಲ್ಲ.

ಗಿಡಮೂಲಿಕೆ ಬೇರೆ, ಇಂಗ್ಲಿಷ್ ಔಷಧಿ ಬೇರೆ ಅಂತ ಗೆರೆ ಎಳೆಯುವವರಿಗೆ ನಾನು ಹೇಳುವುದು ನಿತ್ಯಪುಷ್ಪದ ಕಥೆ. ಮನೆ ಮುಂದೆ ಗುಲಾಬಿ, ಬಿಳಿ ಬಣ್ಣದಲ್ಲಿ ಯಾವಾಗಲೂ ಬಿಟ್ಟಿರುತ್ತದಲ್ಲ, ಅದೇ ಹೂ. ಅದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಹಲವು ದೇಶಗಳಲ್ಲಿ ಜನ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರೆ ಪ್ರಾಣಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಮುಂದೆ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಸಿಕ್ಕಿತು. 1963ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಇವತ್ತು ನಾವು ನಾಯಿಗಳಿಗೆ ಕೊಡುವುದೂ ಅದನ್ನೇ.

ಟಿವಿಟಿ ಅನ್ನುವ ಗಡ್ಡೆ ಬೀದಿಯಲ್ಲಿ ಓಡಾಡುವ ನಾಯಿಗಳಲ್ಲಿ ತುಂಬಾ. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಕ್ಯಾನ್ಸರ್ ಕಣವೇ ಅಂಟುತ್ತದೆ. ಹೆಣ್ಣು ನಾಯಿಯಾದರೆ ರಕ್ತ ತೊಟ್ಟಿಕ್ಕುವುದನ್ನು ನೋಡಿ ಬೆದೆಗೆ ಬಂದಿದೆ ಅಂದುಕೊಂಡು ಮನೆಯವರು ಸುಮ್ಮನಿರುತ್ತಾರೆ. ಬೆದೆಯ ರಕ್ತ ಎರಡು ಮೂರು ವಾರಕ್ಕೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ನೋಡಿದರೆ ಒಳಗೆ ಹೂಕೋಸಿನ ಹಾಗೆ ಗಡ್ಡೆ. ಅದಕ್ಕೆ ಅರಿಶಿನ, ಬೇವು ಅರೆದು ಹಚ್ಚಿಕೊಂಡು ತಿಂಗಳುಗಟ್ಟಲೆ ಕಳೆದವರಿದ್ದಾರೆ. ವಿನ್‌ಕ್ರಿಸ್ಟಿನ್ ವಾರಕ್ಕೊಂದು ಇಂಜೆಕ್ಷನ್, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹೆಚ್ಚಿನ ನಾಯಿಗಳು ಪೂರ್ತಿ ವಾಸಿಯಾಗುತ್ತವೆ, ಕ್ಯಾನ್ಸರ್ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಲು ಆಗುವುದು ಅಪರೂಪ. ಹಾಗಾದರೆ ಅಂಗಳದ ನಿತ್ಯಪುಷ್ಪದ ಎಲೆ ಅರೆದು ಕುಡಿಸಬಹುದಲ್ಲ ಅಂದರೆ, ಖಂಡಿತ ಬೇಡ. ರಾಶಿ ರಾಶಿ ಎಲೆಯಲ್ಲಿ ಆ ಔಷಧಿ ಇರುವುದು ತೀರಾ ಚೂರು, ಅದರ ಜೊತೆ ಇರುವ ಬೇರೆ ವಿಷವೆಲ್ಲ ಹೊಟ್ಟೆಗೆ ಹೋಗುತ್ತದೆ. ಶುದ್ಧ ಮಾಡಿದ ಔಷಧಿಯನ್ನೂ ತೂಕಕ್ಕೆ ಲೆಕ್ಕ ಹಾಕಿ ರಕ್ತನಾಳಕ್ಕೇ ಕೊಡಬೇಕು, ಒಂದು ಹನಿ ಹೊರಗೆ ಸೋರಿದರೂ ಚರ್ಮ ಕೊಳೆಯುತ್ತದೆ.

ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಬಂದ ನಾಯಿಯ ವಿಷಯದಲ್ಲಿ ನನಗೆ ನಿಜಕ್ಕೂ ಭಯವಾಗುವುದು ಹೆಸರಿಲ್ಲದ ಪುಡಿಗಳ ಬಗ್ಗೆ. ದವಡೆ ಕೆಳಗೆ, ಭುಜದ ಮುಂದೆ, ಮಂಡಿ ಹಿಂದೆ ಗಂಟು ಕಾಣಿಸುತ್ತದೆ. ಯಾರೋ ಕೊಟ್ಟ "ಮೂಲಿಕೆ" ಪುಡಿ ಹಾಕಿದ ಮೂರೇ ದಿನಕ್ಕೆ ಗಂಟು ಕರಗಿ, ನಾಯಿ ಚೆನ್ನಾಗಿ ತಿಂದು, ಬಿಂದಿಗೆಗಟ್ಟಲೆ ನೀರು ಕುಡಿದು, ಮನೆಯೆಲ್ಲ ಮೂತ್ರ ಮಾಡಲು ಶುರು ಮಾಡಿದರೆ ನನಗೆ ಬರುವ ಮೊದಲ ಅನುಮಾನ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಅಂತ. ಸ್ಟೀರಾಯ್ಡ್ ಒಂದರಿಂದ ಲಿಂಫೋಮಾ ಒಂದೆರಡು ತಿಂಗಳು ತಡೆಯುತ್ತದೆ, ಅಷ್ಟೇ. ಅದರ ಬದಲು ಸರಿಯಾದ ಕೀಮೋಥೆರಪಿ ಕೊಟ್ಟಿದ್ದರೆ ಎಷ್ಟೋ ನಾಯಿಗಳು ಒಂದು ವರ್ಷದ ಹತ್ತಿರ ಚೆನ್ನಾಗಿ ಬದುಕುತ್ತಿದ್ದವು. ಮೊದಲೇ ಸ್ಟೀರಾಯ್ಡ್ ತಿಂದ ನಾಯಿಗೆ ಆಮೇಲೆ ಕೀಮೋ ಸರಿಯಾಗಿ ಹಿಡಿಯುವುದಿಲ್ಲ. ಮನೆಯವರಿಗೆ ಗೊತ್ತೇ ಇಲ್ಲದೆ ಆ ಬಾಗಿಲು ಮುಚ್ಚಿಹೋಗಿರುತ್ತದೆ.

ಹಾಗಂತ ಬೇರೆ ಪದ್ಧತಿಗಳಿಗೆ ಜಾಗವೇ ಇಲ್ಲ ಅಂತಲ್ಲ. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಸೇರಿಸಿ ಹಚ್ಚುವ ಮದ್ದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ (ಎನ್‌ಡಿಡಿಬಿ) ರೈತರಿಗೆ ಹೇಳಿಕೊಡುತ್ತದೆ. ವಯಸ್ಸಾದ ನಾಯಿಯ ಕೀಲು ನೋವು, ಬೆನ್ನು ನೋವಿಗೆ ತೂಕ ಇಳಿಸುವುದು, ಮೀನೆಣ್ಣೆ, ಫಿಸಿಯೋಥೆರಪಿ, ತರಬೇತಿ ಪಡೆದ ವೈದ್ಯರ ಕೈಯಲ್ಲಿ ಅಕ್ಯುಪಂಕ್ಚರ್, ಇವೆಲ್ಲ ನೋವಿನ ಮಾತ್ರೆಯ ಜೊತೆಗೆ ಚೆನ್ನಾಗಿ ಹೊಂದುತ್ತವೆ. ಕಿಡ್ನಿ ಕಾಯಿಲೆಯಲ್ಲಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಲ್ಲಿಸಿರುತ್ತದೆ. ಅಲ್ಲಿಂದ ಮುಂದೆ ವಾಸಿ ಮಾಡುವುದಕ್ಕಿಂತ ಊಟದ ಪಥ್ಯ, ವಾಂತಿ ತಡೆಯುವುದು, ಚರ್ಮದಡಿ ಡ್ರಿಪ್, ಜಾರದ ನೆಲ, ಪಕ್ಕದಲ್ಲಿ ಮನೆಯವರು, ಇದೇ ಚಿಕಿತ್ಸೆ. ಇಡೀ ನಾಯಿಯನ್ನು ನೋಡುವುದು ಅನ್ನುತ್ತಾರಲ್ಲ, ಅದು ಇದೇ. ಆದರೆ ಅದೇ ನಾಯಿಗೆ ಪಾದರಸ, ಸೀಸ ಇರುವ ಭಸ್ಮ ಕೊಡಬೇಡಿ, ಉಳಿದ ಕಿಡ್ನಿಯೂ ಹೋಗುತ್ತದೆ. ರಕ್ತ ಹೆಚ್ಚಲಿ ಅಂತ ಬೆಳ್ಳುಳ್ಳಿ, ಈರುಳ್ಳಿ ಬೇಡವೇ ಬೇಡ, ಅವು ನಾಯಿಯ ಕೆಂಪು ರಕ್ತಕಣವನ್ನೇ ಒಡೆಯುತ್ತವೆ. ನಿಮ್ಮ ಮನೆಯ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಯೂ ಅಷ್ಟೇ ಅಪಾಯ.

ಖರ್ಚಿನ ಮಾತು ಎಲ್ಲರೂ ಮುಚ್ಚಿಡುತ್ತಾರೆ. ಎಷ್ಟೋ ಸಲ ಸೊಪ್ಪಿನ ಮೇಲಿನ ನಂಬಿಕೆಗಿಂತ ಬಿಲ್ ಎಷ್ಟಾಗುತ್ತೋ ಅನ್ನುವ ಹೆದರಿಕೆಯೇ ಜಾಸ್ತಿ ಇರುತ್ತದೆ. ನಾಚಿಕೆ ಬೇಡ, ನೇರವಾಗಿ ಹೇಳಿ. ಉಣ್ಣಿ ಜ್ವರದ ಮಾತ್ರೆ ದುಬಾರಿಯಲ್ಲ. ದೊಡ್ಡ ಚಿಕಿತ್ಸೆ ಬೇಕಾದರೆ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗದ ವೆಟರ್ನರಿ ಕಾಲೇಜುಗಳ ಆಸ್ಪತ್ರೆ ಇವೆ, ಖಾಸಗಿಗಿಂತ ಕಡಿಮೆಯಲ್ಲಿ ಆಗುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ: ಚಿಕಿತ್ಸೆ ಮಾಡಿದರೆ ಎಷ್ಟು ದಿನ ಬದುಕಬಹುದು, ಮಾಡದಿದ್ದರೆ ಎಷ್ಟು, ಆ ದಿನಗಳಲ್ಲಿ ನೋವು ಎಷ್ಟಿರುತ್ತದೆ. ಮನೆಯಲ್ಲಿ ಯಾವುದಾದರೂ ರಸ, ಪುಡಿ, ಗುಳಿಗೆ ಕೊಡುತ್ತಿದ್ದರೆ ಬೈಯುತ್ತಾರೆ ಅಂತ ಬಚ್ಚಿಡಬೇಡಿ. ಡಬ್ಬಿ ಸಮೇತ ತನ್ನಿ, ಎಷ್ಟು ದಿನದಿಂದ ಎಷ್ಟು ಕೊಟ್ಟಿದ್ದೀರಿ ಅಂತ ಬರೆದುಕೊಂಡು ಬನ್ನಿ. ನಾವು ಬರೆಯುವ ಮಾತ್ರೆಯ ಜೊತೆ ಅದು ಹೊಂದುತ್ತದೋ ಇಲ್ಲವೋ ಅಲ್ಲೇ ನೋಡಿ ಹೇಳಬಹುದು.