ವೀಸಾ ಕಾಯುತ್ತಾ ಹುಟ್ಟಿದ ಶಾಲೆ: ಮಾರ್ಮನ್ ಹುಡುಗರ ತರಬೇತಿಯ ಹಿಂದಿನ ಕಥೆ

1961ರ ಡಿಸೆಂಬರ್. ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಊರಿನಲ್ಲಿ ಒಂದಷ್ಟು ಹುಡುಗರು ವೀಸಾ ಬರಲಿ ಅಂತ ಕಾಯುತ್ತಿದ್ದರು. ಅವರು ಮಾರ್ಮನ್ ಚರ್ಚಿನ ಮಿಷನರಿಗಳು. ಮೆಕ್ಸಿಕೋಗೆ, ಅರ್ಜೆಂಟೀನಾಗೆ ಹೋಗಬೇಕಿತ್ತು. ಕಾಗದಪತ್ರ ಬರುವುದು ತಡವಾಗುತ್ತಿತ್ತು. ಸುಮ್ನೆ ಕೂರುವ ಬದಲು ಸ್ಪ್ಯಾನಿಷ್ ಆದರೂ ಕಲಿಯಲಿ ಅಂತ ಅಲ್ಲಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರು ಮಾಡಿದರು. ಇವತ್ತು ಅದೇ ಊರಿನಲ್ಲಿ ಐವತ್ತಕ್ಕೂ ಹೆಚ್ಚು ಭಾಷೆ ಕಲಿಸುವ ದೊಡ್ಡ ಕ್ಯಾಂಪಸ್ ಇದೆ. ಅದರ ಬೀಜ ಬಿದ್ದದ್ದು ಹೀಗೆ, ವೀಸಾ ತಡವಾಗಿದ್ದರಿಂದ.

ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಜೋಡಿಯಾಗಿ ನಡೆದು ಹೋಗುವ ಯುವಕರನ್ನು ನೀವೂ ಎಲ್ಲಾದರೂ ನೋಡಿರಬಹುದು. ಅವರ ಚರ್ಚಿನ ಪೂರ್ಣ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಮಾರ್ಮನ್ ಅನ್ನುವುದು ಅಡ್ಡಹೆಸರು. ಅದನ್ನು ಬಳಸಬೇಡಿ ಎಂದು ಚರ್ಚಿನ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡಿದ್ದರು. ಓದುಗರಿಗೆ ಗುರುತು ಸಿಗಲಿ ಅಂತ ಮಾತ್ರ ನಾನು ಇಲ್ಲಿ ಅದನ್ನು ಉಳಿಸಿಕೊಂಡಿದ್ದೇನೆ.

ಆ ಜೋಡಿಯನ್ನು ನೋಡಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. ಹದಿನೆಂಟು, ಹತ್ತೊಂಬತ್ತು ವರ್ಷದ ಹುಡುಗರನ್ನು ಮನೆಯಿಂದ ಇಷ್ಟು ದೂರ ಕಳಿಸುವ ಮೊದಲು ಹೇಗೆ ತಯಾರು ಮಾಡುತ್ತಾರೆ? ಉತ್ತರ ಹುಡುಕುತ್ತಾ ಹೋದರೆ ಗೊತ್ತಾಗುವುದು ಇಷ್ಟು: ಮೊದಲು ಹೋದವರು ಹುಡುಗರೇ ಆಗಿರಲಿಲ್ಲ, ಅವರಿಗೆ ಹೇಳಿಕೊಳ್ಳುವಂಥ ತಯಾರಿಯೂ ಇರಲಿಲ್ಲ.

ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಈ ಚರ್ಚನ್ನು ಕಟ್ಟಿದ್ದು 1830ರ ಏಪ್ರಿಲ್‌ನಲ್ಲಿ. ಅದೇ ವರ್ಷ ಅವರ ತಮ್ಮ ಸ್ಯಾಮ್ಯುಯೆಲ್ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿಗಳ ಕಡೆ ನಡೆದರು. 1837ರಲ್ಲಿ ಹೀಬರ್ ಕಿಂಬಾಲ್ ಮತ್ತು ಜೊತೆಗಾರರು ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣಕ್ಕೆ ಹೋದರು. ಆ ಕಾಲದಲ್ಲಿ ಹೋಗುತ್ತಿದ್ದವರು ಬಹುಪಾಲು ಮದುವೆಯಾದ ಗಂಡಸರು. ರೈತರು, ಬಡಗಿಗಳು, ಕುಂಬಾರರು. ಕಿಂಬಾಲ್ ಕೂಡ ಕುಂಬಾರಿಕೆ ಮಾಡುತ್ತಿದ್ದವರೇ. ಕೈಯಲ್ಲಿ ಹಣವಿಲ್ಲದೆ, ಬುತ್ತಿಯಿಲ್ಲದೆ ಹೋಗಬೇಕು, ಊರಿನವರು ಕೊಟ್ಟದ್ದನ್ನು ಉಣ್ಣಬೇಕು ಎನ್ನುವುದು ಅವರ ನಂಬಿಕೆ. ಹಿಂದೆ ಹೆಂಡತಿ, ಮಕ್ಕಳು, ಉಳುವ ಹೊಲ ಉಳಿಯುತ್ತಿತ್ತು. ಗಂಡ ಹೊರಟುಹೋದ ಮನೆಯನ್ನು ನಡೆಸಿದ ಹೆಂಗಸರ ಕಷ್ಟ ಈ ಚರಿತ್ರೆಯಲ್ಲಿ ಅರ್ಧ ಪಾಲು. ಅದನ್ನು ಹೇಳುವವರು ಕಡಿಮೆ.

1852ರ ಆಗಸ್ಟ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಒಂದು ಸಭೆ ನಡೆಯಿತು. ವೇದಿಕೆಯಿಂದ ನೂರರಷ್ಟು ಗಂಡಸರ ಹೆಸರು ಓದಿದರು. ಅವರಲ್ಲಿ ಕೆಲವರಿಗೆ ಸಿಕ್ಕ ಜಾಗ ಹಿಂದೂಸ್ಥಾನ. ಒಂದೆರಡು ತಿಂಗಳೊಳಗೆ ಅವರು ಹೊರಟೂಬಿಟ್ಟರು! ರಿಚರ್ಡ್ ಬ್ಯಾಲಂಟೈನ್ ಎನ್ನುವವರು 1853ರಲ್ಲಿ ಮದರಾಸಿಗೆ ಬಂದು ಇಳಿದರು. ಹೆಂಡತಿ, ಮಕ್ಕಳು ಯೂಟಾದಲ್ಲೇ. ಅವರು ತಮಿಳು ಕಲಿತು ಬಂದವರಲ್ಲ. ಕೆಲಸ ಹೆಚ್ಚಾಗಿ ಇಂಗ್ಲಿಷ್ ಬಲ್ಲ ಸೈನಿಕರು, ಯುರೋಪಿಯನ್ನರ ನಡುವೆಯೇ ಸುತ್ತಿತು. ಒಂದು ವರ್ಷ ಕಳೆಯುವ ಹೊತ್ತಿಗೆ ಅವರು ವಾಪಸ್ ಹಡಗು ಹತ್ತಿದರು.

ಕನ್ನಡಿಗರಿಗೆ ಇಲ್ಲಿ ಒಂದು ನೆನಪು ಬರಲೇಬೇಕು. ಅದೇ 1853ರಲ್ಲಿ ಇನ್ನೊಬ್ಬ ಮಿಷನರಿ ನಮ್ಮ ನಾಡಿಗೆ ಬಂದ. ವಯಸ್ಸು 21. ಹೆಸರು ಫರ್ಡಿನಾಂಡ್ ಕಿಟೆಲ್. ಅವರ ಹಿಂದೆ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ವರ್ಷಗಟ್ಟಲೆ ಮಾಡಿದ ಓದು ಇತ್ತು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಇಬ್ಬರ ಧರ್ಮ, ಸ್ವಭಾವ, ಕಾಲಾವಕಾಶ ಎಲ್ಲವೂ ಬೇರೆ, ನಿಜ. ಆದರೂ ಭಾಷೆ ಕಲಿಯುವುದಕ್ಕೆ ಮನೆ ಬಿಡುವ ಮೊದಲೇ ಎಷ್ಟು ಬೆಲೆ ಕೊಟ್ಟಿದ್ದರು ಎನ್ನುವುದರ ಫಲ ಕಣ್ಣೆದುರೇ ಇದೆ. ಮಾರ್ಮನ್ ಚರ್ಚಿಗೆ ಈ ಪಾಠ ಮನಸ್ಸಿಗೆ ಇಳಿಯಲು ನೂರು ವರ್ಷ ಬೇಕಾಯಿತು. ಬೆಂಗಳೂರು ಕೇಂದ್ರವಾಗಿ ಅವರ ಮಿಷನ್ ಶುರುವಾದದ್ದು 1993ರಲ್ಲಿ. 2018ರಲ್ಲಿ ಬೆಂಗಳೂರಿಗೆ ಒಂದು ದೇವಾಲಯವನ್ನೂ ಘೋಷಿಸಿದರು.

ನಡುವಿನ ಕಾಲದಲ್ಲಿ ಏನೂ ಆಗಲಿಲ್ಲ ಅಂತಲ್ಲ. 1833ರಲ್ಲೇ ಒಹಾಯೋದ ಕರ್ಟ್‌ಲ್ಯಾಂಡಿನಲ್ಲಿ ಒಂದು ಅಂಗಡಿಯ ಮಹಡಿಯ ಮೇಲೆ ಗಂಡಸರಿಗೆ ಪಾಠ ನಡೆದಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಚರ್ಚಿನ ಶಾಲೆಗಳಲ್ಲಿ ಮಿಷನರಿಗಳಿಗಾಗಿ ತರಗತಿ ತೆರೆದರು. 1898ರಲ್ಲಿ ಇನೆಜ್ ನೈಟ್, ಜೆನಿ ಬ್ರಿಮ್‌ಹಾಲ್ ಎಂಬ ಇಬ್ಬರು ಮದುವೆಯಾಗದ ಯುವತಿಯರು ಇಂಗ್ಲೆಂಡಿಗೆ ಹೋದರು. ಒಂಟಿ ಹೆಣ್ಣುಮಕ್ಕಳನ್ನು ಚರ್ಚು ಹೀಗೆ ಅಧಿಕೃತವಾಗಿ ಕಳಿಸಿದ್ದು ಅದೇ ಮೊದಲು. 1925ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಮಿಷನ್ ಹೋಮ್ ಎಂಬ ಮನೆ ತೆರೆಯಿತು. ಹೊರಡುವವರು ಕೆಲವು ದಿನ ಅಲ್ಲಿ ಉಳಿದು ಧರ್ಮದ ಪಾಠ, ನಡೆನುಡಿ, ಶುಚಿತ್ವ ಕಲಿತು ರೈಲು ಹತ್ತುತ್ತಿದ್ದರು. ಭಾಷೆ? ಅದು ಹೋದ ದೇಶದ ಬೀದಿಯಲ್ಲೇ.

ಇಷ್ಟರಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿತ್ತು. ಸಂಸಾರಸ್ಥರ ಜಾಗಕ್ಕೆ ಮದುವೆಯಾಗದ ಹುಡುಗರು ಬಂದಿದ್ದರು. 1960ರಲ್ಲಿ ಗಂಡುಮಕ್ಕಳ ಕನಿಷ್ಠ ವಯಸ್ಸಿನ ಮಿತಿಯನ್ನು 20ರಿಂದ 19ಕ್ಕೆ ಇಳಿಸಿದರು. ಮರುವರ್ಷವೇ ಪ್ರೊವೊದ ಸ್ಪ್ಯಾನಿಷ್ ತರಗತಿ ಶುರುವಾಯಿತು. ಎರಡಕ್ಕೂ ನೇರ ನಂಟಿದೆ ಎಂದು ನಾನು ಹೇಳುತ್ತಿಲ್ಲ, ತಕ್ಷಣದ ಕಾರಣ ವೀಸಾನೇ. ಆದರೆ ತರಗತಿ ಉಳಿದು ಬೆಳೆದದ್ದಕ್ಕೆ ಹುಡುಗರ ವಯಸ್ಸೂ ಕಾರಣ ಎಂದು ನನಗನಿಸುತ್ತದೆ. ಹೊಲ ಉತ್ತು, ಸಂಸಾರ ನಡೆಸಿ ಬಂದವನನ್ನು ಹಡಗು ಹತ್ತಿಸಿ ಕೈಬಿಡಬಹುದು. ಹೈಸ್ಕೂಲ್ ಮುಗಿಸಿ ಒಂದು ವರ್ಷ ಆದವನನ್ನು ಹಾಗೆ ಬಿಡಲಾಗುವುದಿಲ್ಲ, ಅಲ್ವಾ?

1963ರಲ್ಲಿ ಆ ತರಗತಿಗೆ ಭಾಷಾ ತರಬೇತಿ ಮಿಷನ್ ಎಂಬ ಹೆಸರು ಬಂತು. ಒಂದೊಂದೇ ಭಾಷೆ ಸೇರಿದವು. ಐಡಾಹೊದಲ್ಲಿ, ಹವಾಯಿಯಲ್ಲಿ ಶಾಖೆಗಳಾದವು. 1976ರಲ್ಲಿ ಪ್ರೊವೊದಲ್ಲಿ ಹೊಸ ಕಟ್ಟಡಗಳು ಎದ್ದವು. 1978ರಲ್ಲಿ ಸಾಲ್ಟ್ ಲೇಕಿನ ಮಿಷನ್ ಹೋಮ್ ಮುಚ್ಚಿ ಎಲ್ಲವನ್ನೂ ಇಲ್ಲಿಗೇ ತಂದರು. ಆಗ ಇಟ್ಟ ಹೆಸರು ಮಿಷನರಿ ಟ್ರೇನಿಂಗ್ ಸೆಂಟರ್. ಎಲ್ಲರ ಬಾಯಲ್ಲಿ ಎಂಟಿಸಿ.

ಒಳಗಿನ ದಿನಚರಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲ ದಿನ ಕಪ್ಪು ಹೆಸರುಪಟ್ಟಿ ಕೊಡುತ್ತಾರೆ. ಅದರಲ್ಲಿ ಕುಲನಾಮ ಮಾತ್ರ. ಅದಕ್ಕೆ ಮೊದಲು ಎಲ್ಡರ್ ಅಥವಾ ಸಿಸ್ಟರ್ ಎಂದು ಇರುತ್ತದೆ. ಎಲ್ಡರ್ ಅಂದರೆ ಹಿರಿಯ. ಹದಿನೆಂಟರ ಹುಡುಗನನ್ನು ಎಲ್ಲರೂ ಹಿರಿಯ ಎಂದು ಕರೆಯುತ್ತಾರೆ. ಅಮ್ಮ ಇಟ್ಟ ಹೆಸರು ಎರಡು ವರ್ಷ ಬದಿಗೆ. ಹೆಣ್ಣುಮಕ್ಕಳಿಗಾದರೆ ಹದಿನೆಂಟು ತಿಂಗಳು. ಹೊಸಬರ ಗುರುತಿಗೆ ಪಟ್ಟಿಯ ಮೇಲೆ ಕಿತ್ತಳೆ ಬಣ್ಣದ ಚುಕ್ಕಿ ಅಂಟಿಸುವ ರೂಢಿ ಇತ್ತು. ಅದನ್ನು ಕಂಡವರು ತಾವಾಗಿಯೇ ಬಂದು ಪೆಟ್ಟಿಗೆ ಎತ್ತಿಕೊಡುತ್ತಿದ್ದರು.

ಜೊತೆಗೆ ಒಬ್ಬ ಸಂಗಾತಿ ಸಿಗುತ್ತಾನೆ. ಕಂಪ್ಯಾನಿಯನ್ ಎನ್ನುತ್ತಾರೆ. ಅವನನ್ನು ಆರಿಸಿಕೊಳ್ಳುವುದು ನೀವಲ್ಲ. ಊಟ, ಪಾಠ, ಪ್ರಾರ್ಥನೆ, ಆಟ, ಎಲ್ಲೆಡೆ ಇಬ್ಬರೂ ಒಟ್ಟಿಗೇ ಇರಬೇಕು. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಇಷ್ಟದ ಹಾಡು ಇಲ್ಲ, ಪ್ರೇಮ ಇಲ್ಲ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಮನೆಗೆ ಬರೆಯಲು ಬಿಡುವು. ಅದಕ್ಕೆ ಪಿ-ಡೇ, ಅಂದರೆ ಪ್ರಿಪರೇಷನ್ ಡೇ (ತಯಾರಿಯ ದಿನ), ಎಂದು ಹೆಸರು. ಹಾಸ್ಟೆಲ್ಲಿನಲ್ಲಿ ಬೆಳೆದವರಿಗೆ ಇದರಲ್ಲಿ ಸ್ವಲ್ಪ ಪರಿಚಿತ ಅನಿಸಬಹುದು. ನನಗೂ ಹಾಸ್ಟೆಲ್ ಸೇರಿದ ಮೊದಲ ರಾತ್ರಿ ನೆನಪಾಯಿತು. ಆದರೆ ನನ್ನ ಕೋಣೆಯ ಗೆಳೆಯ ಬೇಜಾರಾದಾಗ ನಾನು ಹೊರಗೆ ಒಂದು ಸುತ್ತು ಹೋಗಿಬರಬಹುದಿತ್ತು.

ಭಾಷೆ ಕಲಿಸುವ ರೀತಿ ನನಗೆ ತುಂಬ ಇಷ್ಟವಾದ ಭಾಗ. ಹತ್ತು ಹನ್ನೆರಡು ಜನರ ಗುಂಪು, ಒಂದು ಚಿಕ್ಕ ಕೋಣೆ. ಪಾಠ ಮಾಡುವವರು ಬಹುಪಾಲು ಅದೇ ದೇಶದಲ್ಲಿ ಮಿಷನ್ ಮುಗಿಸಿ ಬಂದು ಈಗ ಕಾಲೇಜು ಓದುತ್ತಿರುವ ಯುವಕ, ಯುವತಿಯರು. ನಿನ್ನೆ ಮೊನ್ನೆ ತಾವೇ ತಡವರಿಸಿದವರು. ಮೊದಲ ದಿನಗಳಿಂದಲೇ ಹೊಸ ಭಾಷೆಯಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ. ವ್ಯಾಕರಣ ಆಮೇಲೆ. ಕೆಲವೇ ದಿನಗಳಲ್ಲಿ ಒಬ್ಬ ಅಪರಿಚಿತನ ಎದುರು ಕೂರಿಸಿ ಮಾತಾಡಿಸುತ್ತಾರೆ. ಆ ಅಪರಿಚಿತನ ಪಾತ್ರ ಮಾಡುವುದು ಶಿಕ್ಷಕನೇ, ಕೆಲವೊಮ್ಮೆ ಆ ಭಾಷೆ ಬಲ್ಲ ಊರಿನ ಸ್ವಯಂಸೇವಕ. ಬಂದದ್ದು ನಾಲ್ಕೇ ಪದ ಆದರೂ ಅದರಲ್ಲೇ ಹೇಳಬೇಕು. ಊಟದ ಮೇಜಿನಲ್ಲೂ ಕಲಿಯುವ ಭಾಷೆಯನ್ನೇ ಆಡಿ ಎಂದು ಹುರಿದುಂಬಿಸುತ್ತಾರೆ. ತಪ್ಪಾದರೂ ಮಾತಾಡು ಎನ್ನುವ ಈ ಧೈರ್ಯವನ್ನು ನಮ್ಮ ಶಾಲೆಗಳ ಇಂಗ್ಲಿಷ್ ತರಗತಿಗಳು ಕೊಟ್ಟಿದ್ದರೆ ಎಷ್ಟು ಮಕ್ಕಳ ನಾಲಿಗೆ ಬಿಡುಗಡೆಯಾಗುತ್ತಿತ್ತೋ!

ಹಾಗಂತ ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. 1961ರಲ್ಲಿ ಚರ್ಚು ಇಡೀ ಜಗತ್ತಿಗೆ ಆರು ಪಾಠಗಳ ಒಂದೇ ಮಾದರಿ ತಂದಿತ್ತು. ಹುಡುಗರು ಅದನ್ನು ಪದಕ್ಕೆ ಪದ ಬಾಯಿಪಾಠ ಮಾಡುತ್ತಿದ್ದರು, ಬಾರದ ಭಾಷೆಯಲ್ಲೂ. ಎದುರಿನವರು ನಡುವೆ ಏನಾದರೂ ಕೇಳಿದರೆ ತಬ್ಬಿಬ್ಬು. ಬಾಯಿಪಾಠದ ಹಿಡಿತ ಮೆಲ್ಲಗೆ ಸಡಿಲವಾಯಿತು. 2004ರಲ್ಲಿ ಬಂದ ಕೈಪಿಡಿ ಅದನ್ನು ಪೂರ್ತಿ ಬದಿಗಿಟ್ಟು, ಎದುರಿನವರನ್ನು ಕೇಳಿಸಿಕೊಂಡು ನಿಮ್ಮದೇ ಮಾತಿನಲ್ಲಿ ಹೇಳಿ ಎಂದಿತು.

2012ರ ಅಕ್ಟೋಬರ್ 6ರಂದು ಆಗಿನ ಅಧ್ಯಕ್ಷ ಥಾಮಸ್ ಮಾನ್ಸನ್ ಇನ್ನೊಂದು ಘೋಷಣೆ ಮಾಡಿದರು. ಹುಡುಗರು 18ಕ್ಕೇ ಹೋಗಬಹುದು. ಹುಡುಗಿಯರ ಮಿತಿ 21 ಇದ್ದದ್ದು 19ಕ್ಕೆ ಇಳಿಯಿತು. ವಾರಕ್ಕೆ ಸುಮಾರು 700 ಬರುತ್ತಿದ್ದ ಅರ್ಜಿ 4,000ಕ್ಕೆ ಏರಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರದು. ಎರಡೇ ವರ್ಷದಲ್ಲಿ ಮಿಷನರಿಗಳ ಸಂಖ್ಯೆ ಸುಮಾರು 58 ಸಾವಿರದಿಂದ 88 ಸಾವಿರ ಆಯಿತು. ಪ್ರೊವೊದಲ್ಲಿ ಜಾಗ ಸಾಲಲಿಲ್ಲ. ಪಕ್ಕದ ಅಪಾರ್ಟ್‌ಮೆಂಟ್‌ಗಳನ್ನು ಹಿಡಿದರು. ಮೆಕ್ಸಿಕೋ ಸಿಟಿಯಲ್ಲಿದ್ದ ಚರ್ಚಿನ ಒಂದು ಶಾಲೆಯನ್ನೇ ಮುಚ್ಚಿ 2013ರಲ್ಲಿ ತರಬೇತಿ ಕೇಂದ್ರ ಮಾಡಿದರು. ಜೊತೆಗೆ ತರಬೇತಿಯ ಅವಧಿಯನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸಿದರು.

ನನಗೆ ನೋವಾಗುವುದು ಇಲ್ಲಿ. ಹೋಗುವವರ ವಯಸ್ಸು ಇಳಿದ ಹೊತ್ತಿನಲ್ಲೇ ತಯಾರಿಯ ದಿನಗಳೂ ಇಳಿದವು. ನೇರ ಹೈಸ್ಕೂಲಿನಿಂದ ಬಂದವನು, ಒಂದು ದಿನವೂ ಒಬ್ಬನೇ ಬದುಕಿ ಗೊತ್ತಿಲ್ಲದವನು, ಕೆಲವೇ ವಾರದಲ್ಲಿ ವಿಮಾನ ಹತ್ತುತ್ತಾನೆ. ಕೆಲವರಿಗೆ ಆತಂಕ, ಖಿನ್ನತೆ ಕಾಡುತ್ತದೆ. ಅವಧಿಗೆ ಮೊದಲೇ ಮನೆಗೆ ಮರಳುತ್ತಾರೆ. ಮಿಷನ್ ಮುಗಿಸುವುದೇ ಗಂಡಸುತನದ ಗುರುತು ಎಂದು ನಂಬಿದ ಊರಿನಲ್ಲಿ ಅಂಥವನು ಭಾನುವಾರ ಚರ್ಚಿನ ಬೆಂಚಿನ ಮೇಲೆ ಕೂರುವುದು ಸುಲಭವಲ್ಲ. ಚರ್ಚು ಮಾನಸಿಕ ಒತ್ತಡದ ಬಗ್ಗೆ ಕಿರುಪುಸ್ತಕ ತಂದಿದೆ. ಮನೆಯಲ್ಲೇ ಇದ್ದು ಸೇವೆ ಮಾಡುವ ಬಗೆಯ ಮಿಷನ್‌ಗೂ ಈಗ ಹೆಚ್ಚು ಒತ್ತು ಕೊಟ್ಟಿದೆ. ಒಳ್ಳೆಯದೇ. ಆದರೆ ನೆರೆಹೊರೆಯ ಕಣ್ಣಿನ ನೋಟ ಬದಲಾಗಲು ಕಿರುಪುಸ್ತಕ ಸಾಲದು.

ಮನೆಯವರ ಜೊತೆ ಮಾತಿನ ವಿಷಯವನ್ನೇ ನೋಡಿ. ಬಹಳ ಕಾಲ ವರ್ಷಕ್ಕೆ ಎರಡೇ ಸಲ ಫೋನ್, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ಕಾಗದ, ಆಮೇಲೆ ವಾರಕ್ಕೊಂದು ಇಮೇಲ್. 2019ರ ಫೆಬ್ರವರಿಯಲ್ಲಿ ಆ ಕಟ್ಟು ಬಿಚ್ಚಿ, ವಾರಕ್ಕೊಮ್ಮೆ ಮಾತಾಡಬಹುದು ಎಂದರು. ಇಷ್ಟು ವರ್ಷಗಳ ಆ ನಿಯಮ ಎಷ್ಟು ಅಮ್ಮಂದಿರ ನಿದ್ದೆ ತಿಂದಿರಬೇಕು!

ಬೀಳ್ಕೊಡುಗೆಯೂ ಬದಲಾಗುತ್ತಾ ಬಂತು. ಹಿಂದೆ ಮನೆಯವರೂ ಒಳಗೆ ಬಂದು ಒಂದು ಸಭೆಯಲ್ಲಿ ಕೂರುತ್ತಿದ್ದರು. ಮುಗಿದಾಗ ಹುಡುಗ ಒಂದು ಬಾಗಿಲಿನಿಂದ, ಮನೆಯವರು ಇನ್ನೊಂದು ಬಾಗಿಲಿನಿಂದ ಹೋಗಬೇಕಿತ್ತು. 2009ರಲ್ಲಿ ಹಂದಿಜ್ವರ ಬಂದ ಸಮಯದಲ್ಲಿ ಅದು ನಿಂತು, ರಸ್ತೆ ಬದಿಯಲ್ಲೇ ಅಪ್ಪಿಕೊಂಡು ಕಾರು ತಿರುಗಿಸುವ ಪದ್ಧತಿ ಬಂತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕ್ಯಾಂಪಸ್ಸೇ ಖಾಲಿಯಾಯಿತು. ತರಬೇತಿ ಪೂರ್ತಿ ಕಂಪ್ಯೂಟರ್ ಪರದೆಯ ಮೇಲೆ. 2021ರ ಜೂನ್‌ನಲ್ಲಿ ಮತ್ತೆ ಬಾಗಿಲು ತೆರೆದರೂ ಪರದೆಯ ಪಾಠ ಪೂರ್ತಿ ಹೋಗಲಿಲ್ಲ. ಮೊದಲ ಕೆಲವು ದಿನ ಮನೆಯಲ್ಲೇ ಕೂತು ಕಲಿತು ಆಮೇಲೆ ಪ್ರೊವೊಗೆ ಬರುವ ಕ್ರಮ ಉಳಿಯಿತು.

ಹಾಗಾಗಿ ಈಗ ಹುಡುಗ ಎಲ್ಡರ್ ಆಗುವುದು ತನ್ನದೇ ಕೋಣೆಯಲ್ಲಿ, ಶಾಲೆಯ ಹಳೆಯ ಫೋಟೋಗಳ ನಡುವೆ. ಬಿಳಿ ಅಂಗಿ, ಟೈ ಹಾಕಿಕೊಂಡು ಪರದೆಯ ಮುಂದೆ ಕೂತು ತಡವರಿಸುತ್ತಾ ಸ್ಪ್ಯಾನಿಷ್‌ನಲ್ಲಿ ಪ್ರಾರ್ಥನೆ ಹೇಳುತ್ತಾನೆ. ಬಾಗಿಲಾಚೆ ಅಡುಗೆಮನೆಯಲ್ಲಿ ಅಮ್ಮನಿಗೆ ಅದು ಕೇಳಿಸುತ್ತದೆ. ಹಿಂದಿನ ಅಮ್ಮಂದಿರಿಗೆ ಸಿಗದಿದ್ದ ಒಂದು ವಾರ ಅದು.